1234567 ಜೊತೆ ಎರಡು ಸಂಜೆ

1ರಿಂದ 7ರವರೆಗಿನ ಅಂಕಿಗಳನ್ನು ಸಾಲಾಗಿ ಬರೆದರೆ 1234567. ಇದು ಅವಿಭಾಜ್ಯವೋ ಅಲ್ಲವೋ ಅಂತ ಸುಮ್ನೆ ಕುತೂಹಲ ಹುಟ್ಟಿತು. ಕಂಪ್ಯೂಟರಿಗೆ ಕೊಟ್ಟರೆ ಕ್ಷಣದಲ್ಲಿ ಉತ್ತರ ಬರುತ್ತದೆ. ಆದರೆ ಕೈಲೆಕ್ಕದ ಮಜಾನೇ ಬೇರೆ ಅಲ್ವಾ? ನೋಟ್‌ಬುಕ್ ಹಿಡಿದು ಕೂತೆ.

ಕೊನೆಯ ಅಂಕಿ 7, ಹಾಗಾಗಿ 2 ಮತ್ತು 5 ಹೋದವು. 7ರಲ್ಲಿ ಮುಗಿಯುವ ಸಂಖ್ಯೆ ಪೂರ್ಣ ವರ್ಗವೂ ಆಗಲಾರದು. ಅಂಕಿಗಳ ಮೊತ್ತ 28, ಅಂದರೆ 3 ಕೂಡ ಇಲ್ಲ. 7, 11, 13ಕ್ಕೆ ಒಂದೇ ಏಟಿನ ಉಪಾಯವಿದೆ. ಮೂರನ್ನೂ ಗುಣಿಸಿದರೆ 1001 ಬರುತ್ತದಲ್ಲ, ಅದರದ್ದೇ ಆಟ. ಬಲಗಡೆಯಿಂದ ಮೂರು ಮೂರು ಅಂಕಿ ಬಿಡಿಸಿ, ಒಂದನ್ನು ಕೂಡಿ ಇನ್ನೊಂದನ್ನು ಕಳೆಯುತ್ತಾ ಹೋಗಬೇಕು: 567 − 234 + 1 = 334. ಇದನ್ನು ಆ ಮೂರರಿಂದ ಭಾಗಿಸಿದರೆ ಶೇಷ 5, 4, 9. ಮೂರೂ ಔಟ್.

ಭಾಗಿಸುತ್ತಾ ವರ್ಗಮೂಲದವರೆಗೆ ಹೋದರೆ ಸಾಕು. 1111ರ ವರ್ಗ 1234321, ಹಾಗಾಗಿ ಗಡಿ 1111. ಅದರೊಳಗೆ 186 ಅವಿಭಾಜ್ಯಗಳಿವೆ. ಎರಡು ಸಂಜೆ ಕೂತು ಕೊನೆಯದಾದ 1109ರವರೆಗೂ ಭಾಗಿಸಿದೆ. ಯಾವುದಕ್ಕೂ ಬಗ್ಗಲಿಲ್ಲ. 'ಅವಿಭಾಜ್ಯ' ಅಂತ ದೊಡ್ಡದಾಗಿ ಬರೆದು ಗೆರೆಯನ್ನೂ ಎಳೆದೆ.

ಮಲಗುವ ಮುಂಚೆ ಯಾಕೋ ಅನುಮಾನ ಬಂತು. ಅಂಕಿಗಳನ್ನು ಕೂಡಿ ಕೂಡಿ ಒಂಟಿ ಅಂಕಿಗೆ ಇಳಿಸಿ ಪ್ರತಿ ಸಾಲನ್ನೂ ತಾಳೆ ನೋಡಿದೆ. 1234567 ಇಳಿದರೆ 1. ಭಾಜಕ ಗುಣಿಸು ಭಾಗಲಬ್ಧ, ಕೂಡಿಸು ಶೇಷ, ಅದೂ 1ಕ್ಕೇ ಇಳಿಯಬೇಕು. 31ನೇ ಸಾಲಿನಲ್ಲಿ 2 ಬಂತು! ಭಾಜಕ 127, ಭಾಗಲಬ್ಧ 9728, ಶೇಷ 111 ಅಂತ ಬರೆದಿದ್ದೆ. ನೋಡಿದರೆ 915ರಲ್ಲಿ 889 ಕಳೆದು 26 ಬರೆಯುವ ಕಡೆ 36 ಬರೆದಿದ್ದೇನೆ. ತಿದ್ದಿ ಮುಂದುವರಿಸಿದೆ. 266ರಲ್ಲಿ 254 ಹೋಗಿ 12, ಪಕ್ಕಕ್ಕೆ 7 ಇಳಿಸಿದರೆ ಸರಿಯಾಗಿ 127! ಶೇಷ ಸೊನ್ನೆ. 1234567 = 127 × 9721. ಅದರಾಚೆಗಿನ 155 ಭಾಗಾಕಾರ ದಂಡ.

9721ಕ್ಕೆ ಹೊಸ ಲೆಕ್ಕ ಬೇಕಾಗಲಿಲ್ಲ. ಅದರ ವರ್ಗಮೂಲ 99ರೊಳಗೆ. ಅಲ್ಲಿಯವರೆಗಿನ ಅವಿಭಾಜ್ಯಗಳು ದೊಡ್ಡ ಸಂಖ್ಯೆಯನ್ನೇ ಭಾಗಿಸಿರಲಿಲ್ಲ, ಇದನ್ನೂ ಭಾಗಿಸಲ್ಲ. ಅಂದರೆ ನನ್ನದು ಬರೀ ಎರಡು ಅವಿಭಾಜ್ಯಗಳ ಗುಣಲಬ್ಧ, ಸೆಮಿಪ್ರೈಮ್.

ಫರ್ಮಾನ ವಿಧಾನವನ್ನೂ ಮೊದಲು ಮುಟ್ಟಿ ನೋಡಿದ್ದೆ. ನಮ್ಮ ಸಂಖ್ಯೆಗಿಂತ ದೊಡ್ಡ ವರ್ಗಗಳಿಂದ ಒಂದೊಂದಾಗಿ ಅದನ್ನು ಕಳೆಯುತ್ತಾ ಹೋಗುವುದು; ಉಳಿದದ್ದೂ ವರ್ಗವಾದರೆ ಅಪವರ್ತನಗಳು ಸಿಕ್ಕಂತೆ. 1112ರ ವರ್ಗದಿಂದ ನಮ್ಮ ಸಂಖ್ಯೆ ಕಳೆದರೆ 1977, ಅದು ವರ್ಗವಲ್ಲ. 1113ಕ್ಕೆ 4202, ಅದೂ ಅಲ್ಲ. ಅಲ್ಲಿಗೇ ಬಿಟ್ಟಿದ್ದು ಪುಣ್ಯ. ಎರಡು ಅಪವರ್ತನಗಳು ಹತ್ತಿರವಿದ್ದರೆ ಮಾತ್ರ ಅದು ಬೇಗ ಮುಗಿಯುತ್ತದೆ. ಇಲ್ಲಿ 4924ರವರೆಗೆ, ಅಂದರೆ 3813 ಸಲ ಮಾಡಬೇಕಿತ್ತು.

ಉಳಿದದ್ದೆಲ್ಲ ಪುಕ್ಕಟೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳು 1, 127, 9721. ಕೂಡಿದರೆ 9849 ಅಷ್ಟೇ, ಹಾಗಾಗಿ ಇದು ಕೊರತೆಯ ಸಂಖ್ಯೆ. ಪರಿಪೂರ್ಣ ಸಂಖ್ಯೆಗೆ ಈ ಮೊತ್ತ ಸಂಖ್ಯೆಗೇ ಸಮ ಇರಬೇಕು. ತಮಾಷೆ ನೋಡಿ, ನನ್ನ ಕೈ ತಪ್ಪಿಸಿಕೊಂಡಿದ್ದ 127 ಇದೆಯಲ್ಲ, ಅದನ್ನು 64ರಿಂದ ಗುಣಿಸಿದರೆ 8128. ಅದು ಪರಿಪೂರ್ಣ ಸಂಖ್ಯೆ.