ಹಿತ್ತಲ ಕೊಳಕ್ಕೆ ನಲ್ಲಿ ನೀರು ಬಿಡುವ ಮುನ್ನ

ಮಡಿಕೇರಿಗೆ ಕೂಟುಹೊಳೆಯಿಂದ, ಕುಶಾಲನಗರಕ್ಕೆ ಕಾವೇರಿಯಿಂದ ಬರುವ ನಲ್ಲಿ ನೀರಿಗೆ ರೋಗಾಣುಗಳು ಸಾಯಲೆಂದು ಕ್ಲೋರಿನ್ ಬೆರೆಸಿರುತ್ತಾರೆ. ಹೀಗೆ ಶುದ್ಧೀಕರಿಸಿದ ನೀರು ಮನೆಯ ನಲ್ಲಿ ತಲುಪಿದಾಗಲೂ ಅದರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಕುಡಿಯುವ ನೀರಿನ ಭಾರತೀಯ ಮಾನಕದ ನಿಯಮ. ನಮ್ಮನ್ನು ಕಾಯುವ ಈ ಅಲ್ಪ ಪ್ರಮಾಣವೇ ಮೀನಿನ ಕಿವಿರಿನ ತೆಳುಪೊರೆಗೆ ಹಾನಿ ಮಾಡುತ್ತದೆ. ಜೊತೆಗೆ, ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯಾವನ್ನು ಕರಗಿಸುವ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಕೊಳದ ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬಾರದು ಎನ್ನುವುದೂ ಇದೇ ಕಾರಣಕ್ಕೆ.

ಮೊದಲು ಕೊಳದ ಅಳತೆ ತಿಳಿದಿರಬೇಕು. ಉದ್ದ, ಅಗಲ, ಆಳಗಳನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಸುಮಾರು ಎಷ್ಟು ಲೀಟರ್ ಎಂಬುದು ಸಿಗುತ್ತದೆ. 10 ಅಡಿ ಉದ್ದ, 6 ಅಡಿ ಅಗಲ, ಎರಡೂವರೆ ಅಡಿ ಆಳದ ಕೊಳದಲ್ಲಿ 4,200 ಲೀಟರ್ ನೀರಿರುತ್ತದೆ. ಒಂದು ಸಲಕ್ಕೆ ಇದರ ಹತ್ತನೆಯ ಒಂದು ಭಾಗವನ್ನಷ್ಟೇ ಬದಲಿಸುವುದು ಕ್ಷೇಮ.

ಹೊಸ ನೀರನ್ನು ನೇರವಾಗಿ ಕೊಳಕ್ಕೆ ಬಿಡದೆ, 200 ಲೀಟರಿನ ಡ್ರಮ್ಮಿನಲ್ಲಿ ಹಿಡಿದಿಟ್ಟು ಹದಗೊಳಿಸುವ ಕ್ರಮವೇ ಉತ್ತಮವೆಂದು ನನ್ನ ಖಚಿತ ಅಭಿಪ್ರಾಯ. ಆದರೆ ಡ್ರಮ್ ಯಾವುದು ಎಂಬ ಬಗ್ಗೆ ಕೊಡಗಿನಲ್ಲಿ ವಿಶೇಷ ಎಚ್ಚರ ಬೇಕು. ಕಾಫಿಗೋ ಕರಿಮೆಣಸಿಗೋ ಸಿಂಪಡಿಸಲು ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ಬಳಸಬಾರದು. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ಕಡುವಿಷ, ಮತ್ತು ನಮ್ಮಲ್ಲಿನಂತೆ ಲವಣಾಂಶ ಕಡಿಮೆಯಿರುವ ಮೆದು ನೀರಿನಲ್ಲಿ ಅದರ ತೀಕ್ಷ್ಣತೆ ಇನ್ನೂ ಹೆಚ್ಚು. ಸಿಂಪಡಣೆಯ ದಿನಗಳಲ್ಲಿ ತೋಟದ ಕಡೆಯಿಂದ ಹರಿದುಬರುವ ನೀರು ಕೊಳಕ್ಕೆ ಇಳಿಯದಂತೆ ಅಂಚನ್ನು ಎತ್ತರಿಸಿಡುವುದೂ ಅಗತ್ಯ.

ಬಾಯಗಲದ ಡ್ರಮ್ಮನ್ನು ಬಿಸಿಲಿನಲ್ಲಿ ತೆರೆದಿಟ್ಟು, ಗಾಳಿಯ ಪಂಪ್ ಹಾಕಿದರೆ ಒಂದೆರಡು ದಿನಗಳಲ್ಲಿ ಕ್ಲೋರಿನ್ ಹೊರಟುಹೋಗುತ್ತದೆ. ಬಿಸಿಲೇ ಕಾಣದ ಮಳೆಗಾಲದಲ್ಲಿ ಈ ವಿಧಾನವನ್ನು ನಂಬುವಂತಿಲ್ಲ. ಹೊಳೆ ಕೆಂಪಾಗಿ ಹರಿಯುವಾಗ ಕ್ಲೋರಿನ್ನಿನ ಪ್ರಮಾಣವನ್ನೂ ಹೆಚ್ಚಿಸಬೇಕಾಗುತ್ತದೆ. ಆಗ ಅಕ್ವೇರಿಯಂ ಅಂಗಡಿಗಳಲ್ಲಿ ಹೈಪೋ ಎಂದು ದೊರೆಯುವ ಸೋಡಿಯಂ ಥಯೋಸಲ್ಫೇಟ್ ಹರಳುಗಳೇ ಗತಿ. 100 ಗ್ರಾಂ ಹರಳನ್ನು ನೀರಿನಲ್ಲಿ ಕರಗಿಸಿ, ಒಟ್ಟು ಒಂದು ಲೀಟರ್ ಆಗುವಂತೆ ಮಾಡಿ, ಮುಚ್ಚಳವಿರುವ ಬಾಟಲಿಯಲ್ಲಿ ಕತ್ತಲಲ್ಲಿಟ್ಟುಕೊಂಡರೆ, ಅದರ 10 ಮಿಲಿಲೀಟರಿನಲ್ಲಿ 1 ಗ್ರಾಂ ಹೈಪೋ ಇರುತ್ತದೆ. ನೂರು ಲೀಟರ್ ನಲ್ಲಿ ನೀರಿಗೆ ಸಾಮಾನ್ಯವಾಗಿ ಇಷ್ಟು ಸಾಕು. 200 ಲೀಟರಿನ ಡ್ರಮ್ಮಿಗೆ 20 ಮಿಲಿಲೀಟರ್ ಹಾಕಿ ಚೆನ್ನಾಗಿ ಕದಡಬೇಕು. ಕೆಲವೇ ನಿಮಿಷಗಳಲ್ಲಿ ಕ್ಲೋರಿನ್ ನಿಷ್ಕ್ರಿಯವಾಗುತ್ತದೆ.

ವಾಸನೆ ಇಲ್ಲವೆಂದ ಮಾತ್ರಕ್ಕೆ ಕ್ಲೋರಿನ್ ಹೋಗಿದೆ ಎಂದು ತಿಳಿಯಬಾರದು. ಡ್ರಮ್ಮಿನ ನೀರನ್ನು ಸಣ್ಣ ಗಾಜಿನ ನಳಿಕೆಯಲ್ಲಿ ತೆಗೆದುಕೊಂಡು, ಆರ್ಥೊಟಾಲಿಡಿನ್ ದ್ರಾವಣದ ಕೆಲವು ಹನಿ ಬಿಟ್ಟು, ಬಿಳಿ ಕಾಗದದ ಎದುರು ಹಿಡಿದು ನೋಡಿ. ಹಳದಿ ಬಣ್ಣ ಮೂಡಿದರೆ ಕ್ಲೋರಿನ್ ಉಳಿದಿದೆ. ನಿಧಾನವಾಗಿ, ಕೆಲವು ನಿಮಿಷಗಳ ಬಳಿಕ ಮೂಡಿದರೂ ಉಳಿದಿದೆಯೆಂದೇ ಅರ್ಥ. ಈ ದ್ರಾವಣ ವಿಷಕಾರಿಯಾದ್ದರಿಂದ ಪರೀಕ್ಷಿಸಿದ ನೀರನ್ನು ಕೊಳಕ್ಕೆ ಸುರಿಯಬಾರದು, ಕೈಗೂ ತಾಗಿಸಿಕೊಳ್ಳಬಾರದು.

ಮೆದು ನೀರಿನಲ್ಲಿ ಪಿಎಚ್, ಅಂದರೆ ಆಮ್ಲ-ಕ್ಷಾರಗಳ ಮಟ್ಟ, ಬೇಗ ಏರಿಳಿಯುತ್ತದೆ. ಇದಕ್ಕೆ ಸುಣ್ಣ ಕದಡುವುದು ಅಪಾಯಕರ. ಪುಡಿ ಮಾಡಿದ ಕಪ್ಪೆಚಿಪ್ಪನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ಬಳಿ ಇಳಿಬಿಟ್ಟರೆ ಸಾಕು. ಬಾವಿ ಅಥವಾ ಕೊಳವೆಬಾವಿಯ ನೀರು ಬಳಸುವವರಿಗೆ ಕ್ಲೋರಿನ್ನಿನ ಚಿಂತೆಯಿಲ್ಲ, ಆದರೆ ಆ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಅದಕ್ಕೂ ಗಾಳಿ ಹಾಯಿಸಿಯೇ ಬಿಡಬೇಕು.

ಡ್ರಮ್ಮಿನ ನೀರಿಗೂ ಕೊಳದ ನೀರಿಗೂ ಉಷ್ಣತೆಯಲ್ಲಿ ಎರಡು ಡಿಗ್ರಿಗಿಂತ ಹೆಚ್ಚು ಅಂತರವಿರಬಾರದು. ಡಿಸೆಂಬರಿನ ಚಳಿಯ ಬೆಳಗಿನಲ್ಲಿ ಈ ಕೆಲಸಕ್ಕೆ ಕೈಹಾಕದೆ, ಮಧ್ಯಾಹ್ನ ಸಣ್ಣ ಪೈಪಿನಲ್ಲಿ ನಿಧಾನವಾಗಿ ಬಿಡಿ.

ಮರೆವಿನಿಂದ ನಲ್ಲಿಯನ್ನೇ ಕೊಳಕ್ಕೆ ಬಿಟ್ಟು, ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ಕೂಡಲೇ ನಲ್ಲಿ ನಿಲ್ಲಿಸಿ, ಸೇರಿದ ನೀರಿಗಲ್ಲ, ಇಡೀ ಕೊಳದ ಲೆಕ್ಕಕ್ಕೆ ಹೈಪೋ ಹಾಕಿ. ಮೇಲೆ ಹೇಳಿದ ಕೊಳಕ್ಕೆ ಅದು 420 ಮಿಲಿಲೀಟರ್ ಆಗುತ್ತದೆ. ಗಾಳಿಯ ಪಂಪನ್ನು ರಾತ್ರಿಯಿಡೀ ಚಾಲೂ ಇಟ್ಟು, ಮಾರನೆಯ ದಿನ ಆಹಾರ ಹಾಕಬೇಡಿ.