ಗೆರೆ ತಪ್ಪಿದ ಕಡೆ ಇಳಿಯುತ್ತೇನೆ

ಕೆನಡಾದ ರೆಜಿನಾಕ್ಕೆ ಬಂದ ಮೊದಲ ವರ್ಷ ಊರಾಚೆ ಎಷ್ಟು ಸುತ್ತಿದರೂ ಕಂಡದ್ದು ಒಂದೇ: ನೇರ ರಸ್ತೆ, ಅಕ್ಕಪಕ್ಕ ಗೋಧಿ, ಕನೋಲಾ. ಈ ಬಯಲನ್ನು ನನಗೆ ಓದಲು ಕಲಿಸಿದ್ದು ಟೋಪೋ ಶೀಟು, ಅಂದರೆ ನೆಲದ ಏರಿಳಿತ, ರಸ್ತೆ, ಮನೆಗಳನ್ನೆಲ್ಲ ತೋರಿಸುವ ಸರ್ವೆ ನಕ್ಷೆ.

1:50,000 ಶೀಟಿನಲ್ಲಿ 2 ಸೆಂ.ಮೀ. ಅಂದರೆ 1 ಕಿ.ಮೀ. ಸರ್ಕಾರ ಇವನ್ನು ಉಚಿತವಾಗಿಯೇ ಕೊಡುತ್ತದೆ. ಹಳೆಯ ಮುದ್ರಣ, ಹೊಸ ಮುದ್ರಣ ಎರಡನ್ನೂ ಊಟದ ಮೇಜಿನ ಮೇಲೆ ಹರಡಿಕೊಳ್ಳುತ್ತೇನೆ. ಹಳೆಯದರಲ್ಲಿ ಶಾಲೆಯ ಗುರುತೋ ಮನೆಯ ಕಪ್ಪು ಚುಕ್ಕಿಯೋ ಇದ್ದು ಹೊಸದರಲ್ಲಿ ಮಾಯವಾಗಿದ್ದರೆ ಅಲ್ಲೊಂದು ಪೆನ್ಸಿಲ್ ಗುರುತು.

ನಮ್ಮ ಕಡೆ ಗ್ರಾಮ ನಕ್ಷೆ ಬರೆದವರು ಮೊದಲೇ ಇದ್ದ ಬದು, ಹಳ್ಳ ನೋಡಿ ಗೆರೆ ಎಳೆದರು. ಇಲ್ಲಿ ಗೆರೆ ಮೊದಲು, ರೈತ ಆಮೇಲೆ. ಆರು ಮೈಲಿ ಚೌಕದ ಟೌನ್‌ಶಿಪ್, ಅದರೊಳಗೆ 36 ಸೆಕ್ಷನ್, ಒಂದೊಂದೂ 640 ಎಕರೆ. 1872ರ ಕಾಯ್ದೆಯಂತೆ 10 ಡಾಲರ್ ಕಟ್ಟಿ ಅದರ ಕಾಲು ಭಾಗ, 160 ಎಕರೆ, ಬರೆಸಿಕೊಳ್ಳಬಹುದಿತ್ತು. ಅಲ್ಲೇ ವಾಸವಿದ್ದು ಉಳುಮೆ ಮಾಡಿ ತೋರಿಸಿದರೆ ಮಾತ್ರ ಹಕ್ಕುಪತ್ರ. ಭೂಮಿ ಗುಂಡಗಿರುವುದರಿಂದ ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರ ಬರುತ್ತವೆ, ಚೌಕ ಚೌಕವಾಗಿ ಉಳಿಯುವುದಿಲ್ಲ. ಅದಕ್ಕೇ ನಾಲ್ಕು ಟೌನ್‌ಶಿಪ್‌ಗೊಮ್ಮೆ ಲೆಕ್ಕ ಸರಿಪಡಿಸಿದ್ದಾರೆ. ಅಲ್ಲಿ ನೇರ ಬಂದ ರಸ್ತೆ ತಟ್ಟನೆ ಪಕ್ಕಕ್ಕೆ ಸರಿದು ಮತ್ತೆ ಮುಂದೆ ಹೋಗುತ್ತದೆ. ಮೊದಲ ಸಲ ಅಂಥ ತಿರುವಿನಲ್ಲಿ ಕಾರು ನಿಲ್ಲಿಸಿ ಸುಮಾರು ಹೊತ್ತು ನಿಂತಿದ್ದೆ.

ಪೆನ್ಸಿಲ್ ಗುರುತಿನ ಜಾಗಗಳು ಈಗ ಯಾರದೋ ಹೊಲ. ಕೇಳದೆ ಕಾಲಿಡುವುದಿಲ್ಲ. ಒಮ್ಮೆ ಒಬ್ಬ ರೈತರು ತಾವೇ ಜೊತೆಗೆ ಬಂದರು. ಮನೆ ಇರಲಿಲ್ಲ. ನೆಲಮಾಳಿಗೆಯ ಗುಂಡಿ, ಗಾಳಿ ತಡೆಯಲು ಸಾಲಾಗಿ ನೆಟ್ಟ ಕರಗಾನ ಗಿಡ, ಬಾಗಿಲಿದ್ದ ಕಡೆ ಇರಬೇಕು, ಹೂಬಿಟ್ಟ ಲೈಲಾಕ್. ನೆಟ್ಟ ಕೈಗಳು ಹೋದ ಮೇಲೂ ಅದು ವರ್ಷವರ್ಷ ಹೂಬಿಟ್ಟಿದೆ ಅಂದುಕೊಂಡಾಗ ಗಂಟಲು ಕಟ್ಟಿತು.

ಆದರೆ ಚುಕ್ಕಿಗಳಷ್ಟನ್ನೇ ಹುಡುಕಿದರೆ ಅರ್ಧ ಚರಿತ್ರೆ. ಮೊದಲ ಸರ್ವೆಯವರ ಟೌನ್‌ಶಿಪ್ ನಕ್ಷೆಗಳಲ್ಲಿ ಚೌಕಗಳನ್ನು ಲೆಕ್ಕಿಸದೆ ಓರೆಯಾಗಿ ಹಾಯ್ದ ಗಾಡಿದಾರಿಗಳಿವೆ. ಫೋರ್ಟ್ ಕ್ವಾಪೆಲ್‌ನಿಂದ ವುಡ್ ಮೌಂಟನ್‌ಗೆ ಹೋಗುತ್ತಿದ್ದದ್ದು ಅಂಥದೊಂದು. ಮೆಟಿ ಜನರ, ಅಂದರೆ ಮೂಲನಿವಾಸಿ ಮತ್ತು ಯುರೋಪಿಯನ್ ಬೆರೆತ ಮನೆತನಗಳ ಸಮುದಾಯದವರ, ಮರದ ಗಾಡಿಗಳು ಓಡಾಡಿದ ದಾರಿ. ಕ್ರೀ ಮತ್ತಿತರ ಮೂಲನಿವಾಸಿಗಳೊಡನೆ ಈ ನೆಲದ ಬಗ್ಗೆ ಸರ್ಕಾರದ 4ನೇ ಒಪ್ಪಂದವಾದದ್ದು 1874ರಲ್ಲಿ, ಅದೇ ಕ್ವಾಪೆಲ್‌ನಲ್ಲಿ. ಬಯಲು ಯಾವತ್ತೂ ಖಾಲಿ ಇರಲಿಲ್ಲ.

ಹೊಸ ಶೀಟಿನಲ್ಲಿ ಆ ಓರೆ ದಾರಿ ಕಾಣದಿದ್ದರೆ, ಹೊರಡುವ ಹಿಂದಿನ ರಾತ್ರಿ ಕೆಂಪು ಪೆನ್ಸಿಲ್ಲಿನಲ್ಲಿ ನಾನೇ ಎಳೆದುಕೊಳ್ಳುತ್ತೇನೆ.