ಕಣ್ಣಂದಾಜಿನಿಂದ ಅಚ್ಚಿನವರೆಗೆ: ಸ್ವಂತ ಅಡುಗೆ ಪತ್ರಿಕೆ ತರುವವರಿಗೆ

"ಅಯ್ಯೋ, ಅದರಲ್ಲೇನಿದೆ? ಬೇಳೆ ಬೇಯಿಸೋದು, ಸೊಪ್ಪು ಹಾಕೋದು, ಬಸಿದು ಖಾರ ರುಬ್ಬಿ ಹಾಕೋದು." ಬಸ್ಸಾರು ಹೇಗೆ ಮಾಡ್ತೀರಿ ಎಂದು ಕೇಳಿದರೆ ಸಿಗುವ ಉತ್ತರ ಇಷ್ಟೇ. ಇದನ್ನೇ ತಿದ್ದಿ ತೀಡಿ ಅಚ್ಚು ಹಾಕಿದರೆ ಓದಿದವರ ಮನೆಯಲ್ಲಿ ಆ ಸಾರು ಆಗುವುದಿಲ್ಲ. ಹೇಳುವವರು ಏನನ್ನೂ ಬಚ್ಚಿಟ್ಟಿಲ್ಲ, ಕೈಗೆ ಗೊತ್ತಿರುವುದು ಬಾಯಿಗೆ ಬಂದಿಲ್ಲ. ಆದ್ದರಿಂದ "ಬರೆದು ಕಳಿಸಿ" ಎನ್ನುವ ಬದಲು ಅವರ ಅಡುಗೆಮನೆಗೇ ಹೋಗಿ ಒಲೆ ಪಕ್ಕ ನಿಲ್ಲಿ. ಕಥೆಯೂ ಅಲ್ಲೇ ಸಿಗುತ್ತದೆ.

ತಕ್ಕಡಿ ಹಿಡಿದು ಹೋಗಿ

1 ಗ್ರಾಂನಷ್ಟು ಸಣ್ಣ ವ್ಯತ್ಯಾಸವನ್ನೂ ತೋರಿಸುವ ಅಡುಗೆ ತಕ್ಕಡಿ, ಮಿ.ಲೀ. ಗೆರೆಯಿರುವ ಲೋಟ, ನೋಟ್‌ಬುಕ್, ಫೋನು ಇದ್ದರೆ ಸಾಕು. "ಒಂದ್ನಿಮಿಷ ಇರಿ, ತೂಗ್ತೀನಿ" ಎಂದು ಪ್ರತಿ ಸಲ ಕೈ ತಡೆಯಬೇಡಿ. ತಡೆದರೆ ಅವರ ಅಂದಾಜೇ ತಪ್ಪಿಹೋಗುತ್ತದೆ. ಉಪ್ಪಿನ ಡಬ್ಬಿ, ಸಾರಿನಪುಡಿ ಡಬ್ಬಿ, ಎಣ್ಣೆ ಪಾತ್ರೆಗಳನ್ನು ಅಡುಗೆಗೆ ಮುಂಚೆ ತೂಗಿ ಬರೆದುಕೊಳ್ಳಿ, ಮುಗಿದ ಮೇಲೆ ಮತ್ತೆ ತೂಗಿ. ಕಮ್ಮಿಯಾದಷ್ಟು ಸಾರಿಗೆ ಬಿದ್ದಿದೆ. ರುಚಿ ನೋಡಿ ಎರಡನೇ ಸಲ ಉದುರಿಸಿದ ಉಪ್ಪೂ ಈ ಲೆಕ್ಕದಲ್ಲಿ ಬರುತ್ತದೆ. ಬಾಯಲ್ಲಿ ಕೇಳಿದ್ದರೆ ಅದು ಖಂಡಿತ ಬಿಟ್ಟುಹೋಗುತ್ತಿತ್ತು. ಇಂಗು, ಅರಿಸಿನಕ್ಕೆ ಮಾತ್ರ ಈ ತಕ್ಕಡಿ ಸಾಲದು. ಅವನ್ನು ಕಾಲು ಟೀ ಚಮಚ, ಚಿಟಿಕೆ ಎಂದೇ ಬರೆಯಿರಿ.

ಪಾವು ಎಂದರೆ ಸೇರಿನ ಕಾಲುಭಾಗ. ಆದರೆ ಮನೆಮನೆಯಲ್ಲಿ ಪಾವು ಅನ್ನಿಸಿಕೊಳ್ಳುವ ಲೋಟ ಬೇರೆಬೇರೆ. ಆ ಮನೆಯ ಪಾವಿಗೆ ನೀರು ತುಂಬಿ, ಗೆರೆಯ ಲೋಟಕ್ಕೆ ಸುರಿದು ನೋಡಿ. "ನಿಂಬೆ ಗಾತ್ರದ ಹುಣಸೆ"ಯನ್ನು ತೂಗುವಾಗ ಬೀಜ, ನಾರು ತೆಗೆದದ್ದೋ ಅಲ್ಲವೋ ಗುರುತು ಹಾಕಿಕೊಳ್ಳಿ. ಮೆಣಸಿನಕಾಯಿಗೆ ಎಣಿಕೆಯಷ್ಟೇ ಸಾಲದು, ತೂಕ, ಜಾತಿ ಎರಡೂ ಬೇಕು: ಬ್ಯಾಡಗಿ ಬಣ್ಣ ಜಾಸ್ತಿ ಕೊಡುತ್ತದೆ, ಖಾರ ಕಮ್ಮಿ; ಅದೇ ಎಣಿಕೆಯ ಗುಂಟೂರು ಹಾಕಿದವರು ಊಟ ಬಿಟ್ಟು ಏಳಬೇಕಾಗುತ್ತದೆ.

"ಮೂರು ಕೂಗು" ಅನ್ನುವುದು ಅಳತೆಯೇ ಅಲ್ಲ. 3 ಲೀಟರ್ ಕುಕ್ಕರಿನ ಕೂಗಿಗೂ 5 ಲೀಟರಿನದ್ದಕ್ಕೂ ಸಮಯ ಬೇರೆ, ಉರಿ ಬೇರೆ. ಮೊದಲ ಕೂಗು ಬಂದ ಮೇಲೆ ಸಣ್ಣ ಉರಿಯಲ್ಲಿ ಎಷ್ಟು ನಿಮಿಷ ಎಂದು ಬರೆಯಿರಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಕಾಳು ಬೇಯಲು ಮಂಗಳೂರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹಿಟ್ಟು ಹುಳಿ ಬರುವ ಹೊತ್ತಂತೂ ಚಳಿಗಾಲಕ್ಕೊಂದು, ಏಪ್ರಿಲ್‌ಗೊಂದು. ಹಾಗಾಗಿ ಗಂಟೆಯ ಜೊತೆಗೆ ಗುರುತನ್ನೂ ಕೊಡಿ: "ಹಿಟ್ಟು ಎರಡರಷ್ಟು ಉಬ್ಬುವವರೆಗೆ", "ಬೆರಳಲ್ಲಿ ಒತ್ತಿದರೆ ಬೇಳೆ ಮುರಿಯಬೇಕು, ಕರಗಬಾರದು".

ಬಸ್ಸಾರು ಅಚ್ಚಿಗೆ ಬರುವಾಗ

ಮೊದಲಿಗೆ ಹೇಳಿದ ಆ ಒಂದು ಸಾಲು ಅಚ್ಚಿನಲ್ಲಿ ಹೀಗಾಗಬೇಕು. ನಾಲ್ಕು ಜನಕ್ಕೆ: ತೊಗರಿಬೇಳೆ 100 ಗ್ರಾಂ, ಅರ್ಧ ಗಂಟೆ ನೆನೆಸಿದ್ದು. ಬಿಡಿಸಿ ತೊಳೆದು ಹೆಚ್ಚಿದ ದಂಟಿನ ಸೊಪ್ಪು 250 ಗ್ರಾಂ. ಕಟ್ಟಿನ ಲೆಕ್ಕ ಬೇಡ, ಮಾರುಕಟ್ಟೆಯ ಕಟ್ಟು ದಿನಕ್ಕೊಂದು ಗಾತ್ರ. ನೀರು ಒಂದೂಕಾಲು ಲೀಟರ್. ಬೇಳೆಯನ್ನು ತೆರೆದ ಪಾತ್ರೆಯಲ್ಲಿ 20ರಿಂದ 25 ನಿಮಿಷ ಬೇಯಿಸಿ, ಸೊಪ್ಪು, ಉಪ್ಪು ಹಾಕಿ ಇನ್ನು 6 ನಿಮಿಷ. ಬಸಿಯಿರಿ. ಬಸಿದ ನೀರು, ಅಂದರೆ ಕಟ್ಟು, ಸುಮಾರು 800 ಮಿ.ಲೀ. ಇರಬೇಕು, ಕಮ್ಮಿಯಾದರೆ ಬಿಸಿನೀರು ಸೇರಿಸಿ. ತೆಂಗಿನತುರಿ 4 ದೊಡ್ಡ ಚಮಚ, ಬೆಳ್ಳುಳ್ಳಿ 6 ಎಸಳು, ಸುಟ್ಟ ಸಣ್ಣ ಈರುಳ್ಳಿ 1, ಸಾರಿನಪುಡಿ 1 ದೊಡ್ಡ ಚಮಚ, ಬೀಜ ತೆಗೆದ ಹುಣಸೆ 10 ಗ್ರಾಂ, ಜೊತೆಗೆ ಬೆಂದ ಸೊಪ್ಪುಬೇಳೆ ಒಂದು ಸೌಟು ಹಾಕಿ ನುಣ್ಣಗೆ ರುಬ್ಬಿ. ಇದನ್ನು ಕಟ್ಟಿಗೆ ಬೆರೆಸಿ 8 ನಿಮಿಷ ಕುದಿಸಿ ಒಗ್ಗರಣೆ ಕೊಡಿ. ಉಳಿದ ಸೊಪ್ಪುಬೇಳೆಗೆ ಇನ್ನೊಂದು ಒಗ್ಗರಣೆ ಕೊಟ್ಟರೆ ಪಲ್ಯ.

ಹೇಳಿದವರು ಬಿಟ್ಟದ್ದೇನು? ಕಟ್ಟು ಚೆಲ್ಲಬಾರದು ಅನ್ನುವುದು. ಅವರಿಗೆ ಅದು ಹೇಳಬೇಕಾದ ವಿಷಯವೇ ಅಲ್ಲ. ಬೆಂದ ಸೊಪ್ಪುಬೇಳೆಯಲ್ಲಿ ಒಂದು ಸೌಟು ಮಸಾಲೆಗೆ ಹೋಗುತ್ತದೆ, ಅದಿಲ್ಲದಿದ್ದರೆ ಸಾರು ನೀರುನೀರು. ಕುಕ್ಕರಿಗೆ ಹಾಕಿದರೆ ಬೇಳೆ ಕರಗಿ ಬಸಿಯುವುದಕ್ಕೇ ಬರುವುದಿಲ್ಲ, ಪಲ್ಯ ಮುದ್ದೆಯಾಗುತ್ತದೆ. ಹುಣಸೆಯನ್ನು ಮೊದಲೇ ಹಾಕಿದರೆ ಬೇಳೆ ಬೇಗ ಬೇಯುವುದಿಲ್ಲ. ಇಂಥ "ಹೀಗಾದರೆ ಯಾಕೆ" ಸಾಲುಗಳನ್ನು ಪುಟದ ಕೊನೆಗೆ ತಳ್ಳದೆ ಆಯಾ ಹಂತದಲ್ಲೇ ಹಾಕಿ.

ಆಮೇಲೆ ಪರೀಕ್ಷೆ. ಅಡುಗೆ ನಡೆದಾಗ ಅಲ್ಲಿ ಇಲ್ಲದವರೊಬ್ಬರು, ಬೇರೆ ಮನೆಯಲ್ಲಿ, ಬರೆದದ್ದನ್ನಷ್ಟೇ ನೋಡಿಕೊಂಡು ಎರಡು ಸಲ ಮಾಡಲಿ. ಫೋನ್ ಮಾಡಿ ಕೇಳಬೇಕು ಅನ್ನಿಸಿದ ಕಡೆಯೆಲ್ಲ ಪೆನ್ಸಿಲ್ಲಿನಲ್ಲಿ ಗೀಟು ಹಾಕಲಿ. ಪ್ರತಿ ಗೀಟಿಗೂ ಒಂದು ಸಾಲು ಬಾಕಿ ಇದೆ ಎಂದೇ ಅರ್ಥ.

ಕಥೆ ಕೇಳುವಾಗ

"ಈ ಅಡುಗೆ ನಿಮಗೆ ಯಾಕೆ ಇಷ್ಟ?" ಎಂದು ಕೇಳಿದರೆ "ಅಮ್ಮನ ಕೈರುಚಿ" ಅನ್ನುವ ಉತ್ತರ ಬರುತ್ತದೆ, ಎಲ್ಲರಿಂದಲೂ. ಅದರ ಬದಲು ಕೈಯಲ್ಲಿರುವುದನ್ನೇ ಕೇಳಿ: ಒರಳು ಬಿಟ್ಟು ಮಿಕ್ಸಿಗೆ ಬಂದ ಮೇಲೆ ಏನು ಬದಲಾಯಿತು? ಕಾಯಿ ಇಲ್ಲದ ದಿನ ಏನು ಹಾಕ್ತಿದ್ರಿ? ಊರಿಂದ ಈಗಲೂ ಏನು ತರಿಸ್ತೀರಿ? ಮನೆಯಲ್ಲಿ ಯಾರಿಗೋಸ್ಕರ ಖಾರ ಕಮ್ಮಿ ಮಾಡಿದ್ರಿ? ಅಳತೆ ಬದಲಾದ ಕಡೆ ಕಥೆ ಇರುತ್ತದೆ. ಮಿಕ್ಸಿ, ನಲ್ಲಿ ಸದ್ದಿನಲ್ಲಿ ರೆಕಾರ್ಡಿಂಗ್ ಕೆಡುವುದರಿಂದ ಅಡುಗೆ ಮುಗಿದು ಕಾಫಿಗೆ ಕೂತಾಗ ಇನ್ನೊಂದು ಸುತ್ತು ಮಾತಾಡಿಸಿ. 350ರಿಂದ 500 ಪದ ಸಾಕು. ಮಂಡ್ಯದವರ ಮಾತನ್ನು, ಧಾರವಾಡದವರ ಮಾತನ್ನು ಗ್ರಾಂಥಿಕಕ್ಕೆ ತಿರುಗಿಸಬೇಡಿ. ಸಾಮಾನಿನ ಪಟ್ಟಿಯಲ್ಲಿ ಮಾತ್ರ ಎಲ್ಲರಿಗೂ ಗೊತ್ತಿರುವ ಹೆಸರಿರಲಿ: ಒಬ್ಬರಿಗೆ "ಹುಳಿ" ಎಂದರೆ ಹುಣಸೆಹಣ್ಣು, ಇನ್ನೊಬ್ಬರಿಗೆ ತರಕಾರಿ ಬೇಳೆ ಹಾಕಿದ ಸಾಂಬಾರು.

ಒಪ್ಪಿಗೆಯನ್ನು ಕಾಗದದ ಮೇಲೇ ತೆಗೆದುಕೊಳ್ಳಿ. ಹೆಸರು ಹಾಕಬಹುದೇ, ಜಾತಿ, ಊರು ಬರೆಯಬಹುದೇ ಎಂದು ಬೇರೆಬೇರೆಯಾಗಿ ಕೇಳಿ. ಬರಹದ ಹಕ್ಕನ್ನು ಪತ್ರಿಕೆ ಬರೆಸಿಕೊಳ್ಳುವುದಾದರೆ ಅವಧಿ ನಮೂದಿಸಿ. ನಮೂದಿಸದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆ ಅದನ್ನು 5 ವರ್ಷ ಎಂದೇ ಎಣಿಸುತ್ತದೆ.

ಕಾಲ, ಪುಟ, ಅಚ್ಚು

ಅವರೆಕಾಯಿ ಸಂಚಿಕೆ ಡಿಸೆಂಬರಿನಲ್ಲಿ ಬರಬೇಕಾದರೆ ಹಿಂದಿನ ಜನವರಿಯಲ್ಲೇ ಅಡುಗೆ ಮಾಡಿಸಿ, ಫೋಟೋ ತೆಗೆದಿಡಬೇಕು. ಅಕ್ಟೋಬರಿನಲ್ಲಿ ಸಿಗುವ ಕಾಯಲ್ಲಿ ಸೊಗಡಿರುವುದಿಲ್ಲ, ಹಿತುಕಿದ ಬೇಳೆ ಸಾರು ಪರೀಕ್ಷೆಗೆ ಒಗ್ಗುವುದಿಲ್ಲ. ಫೋಟೋವನ್ನು ಬೆಳಿಗ್ಗೆ ಕಿಟಕಿ ಬೆಳಕಲ್ಲಿ, ಟ್ಯೂಬ್‌ಲೈಟ್ ಆರಿಸಿ ತೆಗೆಯಿರಿ. ಎರಡು ಬೆಳಕು ಬೆರೆತರೆ ಸಾರು ಹಸಿರಾಗಿ ಕಾಣುತ್ತದೆ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ, ಇಲ್ಲದಿದ್ದರೆ ಚಿತ್ರ ಕುಗ್ಗುತ್ತದೆ. 5 ಇಂಚು ಅಗಲಕ್ಕೆ 1500 ಪಿಕ್ಸೆಲ್ ಬೇಕು.

ಅಕ್ಷರಕ್ಕೆ ಯೂನಿಕೋಡ್ ಫಾಂಟನ್ನೇ ಬಳಸಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಬಂದ ಲೇಖನವನ್ನು ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತು ಚದುರುತ್ತವೆ. ಪರಿವರ್ತಿಸಿದ ಮೇಲೆ "ಚಮಚ"ದ ಹಿಂದಿನ ಅಂಕಿಗಳು ಸರಿಯಿವೆಯೇ ಎಂದು ಮೊದಲು ನೋಡಿ. ಒತ್ತು ಕೆಳಗಿಳಿಯುವುದರಿಂದ 11 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 16 ಪಾಯಿಂಟ್ ಕೊಡಿ. ಪಿನ್ ಹೊಡೆಯುವ ಪುಸ್ತಕವಾದರೆ ಪುಟಸಂಖ್ಯೆ 4ರಿಂದ ಭಾಗವಾಗಬೇಕು. ಒಳಪುಟಕ್ಕೆ 90 ಅಥವಾ 100 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ ಮ್ಯಾಪ್‌ಲಿಥೊ, ಅಂದರೆ ಹೊಳಪಿಲ್ಲದ ಕಾಗದ, ರಕ್ಷಾಪುಟಕ್ಕೆ 250, ಸುತ್ತ 3 ಮಿ.ಮೀ. ಕತ್ತರಿಸುವ ಜಾಗ. ಹೊಳೆಯುವ ಕಾಗದದ ಮೇಲೆ ಪೆನ್ಸಿಲ್ಲು ಹಿಡಿಯದು, ಅಡುಗೆ ಮಾಡುವವರು ಪಕ್ಕದಲ್ಲಿ ಗುರುತು ಹಾಕಿಕೊಳ್ಳಲಾರರು. 200, 300 ಪ್ರತಿಗೆ ಡಿಜಿಟಲ್, ಸಾವಿರಕ್ಕೆ ಆಫ್‌ಸೆಟ್. ಬೆಂಗಳೂರಿನ ಸುಲ್ತಾನಪೇಟೆ, ಅವೆನ್ಯೂ ರಸ್ತೆ ಕಡೆ ಮೂರು ಕಡೆ ದರ ಕೇಳಿ. ಕಟಿಂಗ್, ಲ್ಯಾಮಿನೇಶನ್ ಸೇರಿದೆಯೇ ಎಂದು ಬರೆಸಿಕೊಳ್ಳಿ.

ನಿಗದಿತ ಅವಧಿಗೊಮ್ಮೆ ಪತ್ರಿಕೆ ತರುವವರು ನೋಂದಣಿಯನ್ನು ಮೊದಲೇ ವಿಚಾರಿಸಬೇಕು. 1867ರ ಪತ್ರಿಕೆ, ಪುಸ್ತಕ ನೋಂದಣಿ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಬಂದಿದೆ, ಅರ್ಜಿ ಆನ್‌ಲೈನ್. ಪತ್ರಿಕೆಯ ಹೆಸರಿಗೆ ಒಪ್ಪಿಗೆ ಸಿಗುವ ಮುಂಚೆ ರಕ್ಷಾಪುಟ ಮಾಡಿಸಬೇಡಿ. ಒಂದೇ ಸಲದ ಸಂಕಲನವಾದರೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಪಡೆದು ಪುಸ್ತಕವಾಗಿ ತರುವುದು ಸಲೀಸು.

ಮಾರಾಟಕ್ಕೆ ಕಾರ್ತಿಕದ ಕೊನೆ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆ ಇದೆ, ಚಳಿಗಾಲದಲ್ಲಿ ಅವರೆ ಮೇಳ ಇದೆ. ಅದಕ್ಕೂ ಮುಂಚೆ ಅಡುಗೆ ಹೇಳಿಕೊಟ್ಟವರ ಮನೆಗೆ ಎರಡು ಪ್ರತಿ ತಲುಪಿಸಿ. ಪುಟ ನೋಡಿದ ಕೂಡಲೇ ಅವರು "ಇದಕ್ಕೆ ಜೀರಿಗೆ ಹಾಕ್ತೀನಲ್ಲ, ಬರೆದೇ ಇಲ್ಲ" ಅನ್ನುತ್ತಾರೆ. ಉಳಿದ ಪ್ರತಿಗಳೊಳಗೆ ಜೀರಿಗೆಯ ಚೀಟಿ ಸೇರಿಸಿ ಅಂಗಡಿಗೆ ಕಳಿಸಿ.